ಕೊಡಗಿನ ಮಳೆಗೆ ಜಗ್ಗದ ಆಟೋಮ್ಯಾಟಿಕ್ ಫೀಲ್ಡ್ ವಾಚು: ಆರಿಸುವುದರಿಂದ ಸರ್ವಿಸ್‌ವರೆಗೆ

ಕೊಡಗಿನಲ್ಲಿ ವಾಚು ಕೆಡುವುದು ಬಿದ್ದು ಅಲ್ಲ, ನೀರು ಕುಡಿದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಬೀರುವಿನೊಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ, ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಅದೇ ಗಾಳಿಯಲ್ಲಿ ನಿಮ್ಮ ವಾಚೂ ನಾಲ್ಕು ತಿಂಗಳು ಕಳೆಯಬೇಕು. ಆದರೆ ಅಂಗಡಿಗೆ ಹೋದಾಗ ನಾವು ನೋಡುವುದು ಡಯಲ್ಲಿನ ಬಣ್ಣ, ಕಂಪನಿಯ ಹೆಸರು, ಹಿಂಬದಿಯ ಗಾಜಿನೊಳಗೆ ಆಡುವ ಮಷೀನು. ನೀರು ಎಷ್ಟು ತಡೆಯುತ್ತದೆ, ಪಕ್ಕದಲ್ಲಿ ತಿರುಗಿಸುವ ಗುಂಡಿ, ಅಂದರೆ ಕೀ ಎಂಥದ್ದು, ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರು ಎಂದು ಕೇಳುವುದು ಎಲ್ಲಾ ಮುಗಿದ ಮೇಲೆ. ಈ ಜಿಲ್ಲೆಯಲ್ಲಿ ಇರುವವರು ಆ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಮೊದಲು ನೀರು, ಆಮೇಲೆ ಮಷೀನು, ಕೊನೆಗೆ ಅಂದ.

ದಿನಾ ಕಟ್ಟಿಕೊಳ್ಳಲು, ಸುಮಾರು 30 ಸಾವಿರ ರೂಪಾಯಿಯೊಳಗೆ ಒಂದು ಒಳ್ಳೆಯ ವಾಚು ಬೇಕು ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಮಡಿಕೇರಿಯಲ್ಲಿ ಆಫೀಸಿಗೆ ಹೋಗುವವರಿಗೂ ಇದು ಸರಿ, ಸೋಮವಾರಪೇಟೆ, ನಾಪೋಕ್ಲು ಕಡೆ ತೋಟ ನೋಡಿಕೊಳ್ಳುವವರಿಗೂ ಸರಿ.

ಫೀಲ್ಡ್ ವಾಚು ಎಂದರೆ ಯಾವುದು

ಇದು ಸೈನಿಕರಿಗಾಗಿ ಹುಟ್ಟಿದ ವಾಚು. ಗಂಡಸರ ಜೇಬಿನಲ್ಲಿದ್ದ ಗಡಿಯಾರ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೈಗೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಎ-11 ಎಂಬ ಮಾನದಂಡ ಮಾಡಿಕೊಂಡು ವಾಚು ತರಿಸಿತು. ಬ್ರಿಟಿಷ್ ಸೇನೆಗಾಗಿ 12 ಕಂಪನಿಗಳು ಒಂದೇ ಮಾದರಿಯ ವಾಚು ಮಾಡಿಕೊಟ್ಟವು. ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು, ಎ-11ರಲ್ಲಿ ಕೀ ಎಳೆದರೆ ನಿಲ್ಲುವ ಸೆಕೆಂಡ್ ಮುಳ್ಳು. ಎಲ್ಲರ ವಾಚೂ ಒಂದೇ ಸೆಕೆಂಡಿಗೆ ಹೊಂದಬೇಕು ಎನ್ನುವುದಕ್ಕೇ ಆ ಕೊನೆಯ ಏರ್ಪಾಡು. ಇವತ್ತು ಫೀಲ್ಡ್ ವಾಚು ಎಂದು ಮಾರುವುದರಲ್ಲೂ ಇದೇ ಚಹರೆ ಇರುತ್ತದೆ. 12 ಅಂಕಿ ಪೂರ್ತಿ, ಎಷ್ಟೋ ಸಲ ಒಳಸುತ್ತಿನಲ್ಲಿ 13ರಿಂದ 24, ಹೊಳಪಿಲ್ಲದ ಕೇಸು, ಅಂದರೆ ಹೊರಕವಚ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆಗೆ ಇಂಥ ವಾಚು ಹೊಸದಲ್ಲ. ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಸೇನೆಯಲ್ಲಿದ್ದ ಅಜ್ಜನ ವಾಚು ಈಗಲೂ ಇದೆ. ಅದರ ಬಗ್ಗೆ ಒಂದು ಎಚ್ಚರಿಕೆ. ಆ ಕಾಲದ ಮಿಲಿಟರಿ ವಾಚಿನ ಮುಳ್ಳು, ಅಂಕಿಗೆ ಹಚ್ಚುತ್ತಿದ್ದದ್ದು ನಿಜವಾದ ರೇಡಿಯಂ. ಹೊಳಪು ಹೋಗಿದ್ದರೂ ಅದರ ವಿಕಿರಣ ಹೋಗಿರುವುದಿಲ್ಲ. ನೆನಪಿಗೆ ಇಟ್ಟುಕೊಳ್ಳಿ, ಮನೆಯಲ್ಲಿ ಬಿಚ್ಚಬೇಡಿ, ಡಯಲ್ ಕೆರೆಯಬೇಡಿ. ಈಗಿನ ವಾಚುಗಳಲ್ಲಿ ಹೊಳೆಯುವುದು ಬೇರೆ ಪುಡಿ. ಬೆಳಕು ಕುಡಿದು ಬೆಳಕು ಕೊಡುತ್ತದೆ ಅಷ್ಟೇ, ಅಪಾಯ ಇಲ್ಲ. ರೂಢಿಯಲ್ಲಿ ಅದನ್ನೂ ರೇಡಿಯಂ ಎಂದೇ ಕರೆಯುತ್ತೇವೆ.

ಆಟೋಮ್ಯಾಟಿಕ್ ಎಂದರೆ ಸೆಲ್ ಇಲ್ಲ, ದಿನಾ ಕೀ ಕೊಡಬೇಕಾಗಿಯೂ ಇಲ್ಲ. ಒಳಗೆ ಅರ್ಧಚಂದ್ರದ ಆಕಾರದ ಒಂದು ತೂಕದ ತಗಡು ಇರುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಸ್ಪ್ರಿಂಗ್ ಪೂರ್ತಿ ಸುತ್ತಿದ್ದರೆ ಈ ಬೆಲೆಯ ವಾಚುಗಳು ಸುಮಾರು 40 ಗಂಟೆ ಓಡುತ್ತವೆ. ಶನಿವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಗ್ಗೆ ಇನ್ನೂ ಓಡುತ್ತಿರುತ್ತದೆ.

ಹೆಜ್ಜೆ 1: ಆಟೋಮ್ಯಾಟಿಕ್ ನಿಮಗೆ ಬೇಕಾ, ಮೊದಲು ಅದನ್ನು ತೀರ್ಮಾನಿಸಿ

ಸಮಯ ಕರಾರುವಾಕ್ಕಾಗಿ ಇರಬೇಕು, ಖರ್ಚು ಕಡಿಮೆ ಇರಬೇಕು ಎಂದರೆ ಸೆಲ್ ವಾಚೇ ಮೇಲು. ಎರಡು ಮೂರು ಸಾವಿರದ ಸೆಲ್ ವಾಚು ತಿಂಗಳಿಗೆ ಕೆಲವು ಸೆಕೆಂಡು ಮಾತ್ರ ಆಚೀಚೆ ಆಗುತ್ತದೆ. ಅಗ್ಗದ ಆಟೋಮ್ಯಾಟಿಕ್ ಒಂದೇ ದಿನಕ್ಕೆ ಅಷ್ಟು ತಪ್ಪಬಹುದು. ಸೀಕೊ ಕಂಪನಿಯೇ ತನ್ನ 4ಆರ್36 ಮಷೀನಿಗೆ ಕೊಟ್ಟ ಮಿತಿ ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ. ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ಓಡುತ್ತದೆ. ಆದರೆ ಕಾಗದದ ಮೇಲಿನ ಮಾತು ಅದು, ದೂರು ಕೊಡಲು ಹೋದರೆ ಅವರು ತೋರಿಸುವುದೂ ಅದನ್ನೇ.

ಹಾಗಾದರೆ ಯಾಕೆ ಆಟೋಮ್ಯಾಟಿಕ್? ಮಳೆಗಾಲದ ನಡುವೆ ಸೆಲ್ ಸತ್ತು, ಅದನ್ನು ಹಾಕಿಸಲು ಪೇಟೆಗೆ ಹೋಗಿ, ಅವಸರದಲ್ಲಿ ಮುಚ್ಚಿದ ಹಿಂಬದಿಯಿಂದ ನೀರು ನುಗ್ಗುವ ತೊಂದರೆ ಇದರಲ್ಲಿ ಇಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ಮೊಬೈಲ್ ಸುಮ್ನೆ ಬಿದ್ದಿರುವ ದಿನ ಕೈಯಲ್ಲಿ ಓಡುವ ವಾಚು ಇರುತ್ತದೆ. ಸರಿಯಾಗಿ ನೋಡಿಕೊಂಡರೆ ಹತ್ತಿಪ್ಪತ್ತು ವರ್ಷ ಬಾಳುತ್ತದೆ, ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು. ನನಗೆ ಇದೇ ದೊಡ್ಡ ಕಾರಣ. ವಾರಕ್ಕೆ ಒಂದೆರಡು ದಿನ ಮಾತ್ರ ಕಟ್ಟುವವರಿಗೆ ಮಾತ್ರ ಇದು ಬೇಡ. ಪ್ರತಿ ಸಲ ನಿಂತ ವಾಚಿಗೆ ಟೈಮು, ತಾರೀಕು ಕೂಡಿಸುವುದೇ ಕೆಲಸವಾಗುತ್ತದೆ.

ಹೆಜ್ಜೆ 2: ಕೈ ಅಳತೆ

ಬಹಳ ಜನ ನೋಡುವುದು ಡಯಲ್ಲಿನ ಅಗಲ. ಅದಕ್ಕಿಂತ ಮುಖ್ಯ, ಬೆಲ್ಟ್ ಸೇರುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಗಟ್ಟಿ ಕಾಗದದಲ್ಲಿ ಆ ಉದ್ದದ ಒಂದು ಪಟ್ಟಿ ಕತ್ತರಿಸಿ ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಇಡಿ. ಪಟ್ಟಿಯ ತುದಿ ಕೈಯಿಂದ ಆಚೆ ಚಾಚಿಕೊಂಡರೆ ಆ ವಾಚು ನಿಮಗೆ ದೊಡ್ಡದು. ಸಾಧಾರಣ ಕೈಗೆ 36ರಿಂದ 40 ಮಿ.ಮೀ. ಅಗಲದ ಕೇಸು ಸಾಕು. ಫೀಲ್ಡ್ ವಾಚು ದೊಡ್ಡದಿದ್ದರೆ ಚೆಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯುದ್ಧಕಾಲದ ಮೂಲ ವಾಚುಗಳು ಈಗಿನ ಲೆಕ್ಕದಲ್ಲಿ ಸಣ್ಣವೇ.

ದಪ್ಪವನ್ನೂ ನೋಡಿ. ಆಟೋಮ್ಯಾಟಿಕ್‌ಗೆ ರೋಟರ್ ಇರುವುದರಿಂದ ದಪ್ಪ ಸ್ವಲ್ಪ ಜಾಸ್ತಿ, 12-13 ಮಿ.ಮೀ. ಸಾಮಾನ್ಯ. ಮದುವೆಗೆ ಕೊಡವರ ನಿಲುವಂಗಿ ಕುಪ್ಯ ಹಾಕುವಾಗ ಒಳಗಿನ ಬಿಳಿ ಅಂಗಿಯ ಕಫ್ ವಾಚಿನ ಮೇಲೆ ಕೂರುತ್ತದಾ ಎಂದು ಅಂಗಡಿಯಲ್ಲೇ ಉದ್ದ ತೋಳಿನ ಅಂಗಿ ಹಾಕಿ ನೋಡಿ. ದಿನಾ ಜರ್ಕಿನ್ ತೊಡುವ ಊರು ನಮ್ಮದು. ತೋಳಿಗೆ ಸಿಕ್ಕಿಕೊಳ್ಳುವ ವಾಚು ಎರಡೇ ವಾರಕ್ಕೆ ಬೇಸರ ತರಿಸುತ್ತದೆ.

ಹೆಜ್ಜೆ 3: ನೀರು

ವಾಚಿನ ಮೇಲೆ 30 ಮೀಟರ್ ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಪ್ರಯೋಗಾಲಯದಲ್ಲಿ, ಹೊಸ ವಾಷರ್ ಇರುವಾಗ, ಅಲುಗಾಡದ ನೀರಿನಲ್ಲಿ ಅಷ್ಟು ಒತ್ತಡ ತಡೆದಿದೆ ಎಂದು ಅರ್ಥ. ದಿನಬಳಕೆಯಲ್ಲಿ 30 ಮೀಟರ್ ಎಂದರೆ ಕೈ ತೊಳೆಯುವಾಗ ಸಿಡಿಯುವ ನೀರು. 50 ಮೀಟರ್ ಎಂದರೆ ಮಳೆಯಲ್ಲಿ ನೆನೆದರೂ ಪರವಾಗಿಲ್ಲ. 100 ಮೀಟರ್ ಇದ್ದರೆ ಈಜಲೂಬಹುದು. ಕೊಡಗಿಗೆ 100 ಮೀಟರ್ ಎಂದು ಗಟ್ಟಿ ಮಾಡಿಕೊಳ್ಳಿ. ಭಾಗಮಂಡಲದ ಕಡೆ ಒಂದು ಜುಲೈ ಕಳೆದವರಿಗೆ ಇದಕ್ಕೆ ಕಾರಣ ಹೇಳಬೇಕಾಗಿಲ್ಲ.

ನೀರು ಒಳಗೆ ಹೋಗುವ ದಾರಿ ಮೂರು: ಮುಂದಿನ ಗ್ಲಾಸಿನ ಅಂಚು, ಹಿಂದಿನ ಮುಚ್ಚಳ, ಕೀ. ಮೊದಲ ಎರಡು ಅಲ್ಲಾಡದ ಜಾಗ. ಕೀ ಮಾತ್ರ ಎಳೆಯುವುದು, ತಿರುಗಿಸುವುದು, ಒತ್ತುವುದು ಎಂದು ಸದಾ ಕೆಲಸದಲ್ಲಿರುತ್ತದೆ. ಅದರ ಕೊಳವೆಯೊಳಗೆ ಸಾಸಿವೆ ಕಾಳಿನಷ್ಟು ಅಗಲದ ರಬ್ಬರ್ ವಾಷರ್ ಇರುತ್ತದೆ. ನಿಮ್ಮ ಸಾವಿರಾರು ರೂಪಾಯಿ ನಿಂತಿರುವುದು ಅದರ ಮೇಲೆ. ಹಾಗಾಗಿ ತಿರುಪಿನಂತೆ ತಿರುಗಿಸಿ ಮುಚ್ಚುವ ಕೀ ಸಿಕ್ಕರೆ ಬಹಳ ಒಳ್ಳೆಯದು. ಸಾದಾ ಒತ್ತುವ ಕೀ ಇದ್ದೂ 100 ಮೀಟರ್ ತಡೆಯುವ ವಾಚುಗಳಿವೆ, ಅವೂ ಆಗಬಹುದು. ಆದರೆ ಕೀ ಪೂರ್ತಿ ಒಳಗಿದೆಯಾ ಎಂದು ಉಗುರಿನಿಂದ ಒತ್ತಿ ನೋಡುವ ಅಭ್ಯಾಸ ಬೇಕು. ಒದ್ದೆ ಕೈಯಲ್ಲಿ, ಮಳೆಯಲ್ಲಿ ನಿಂತು ಕೀ ಎಳೆಯಲೇಬಾರದು.

ಇನ್ನೊಂದು ಶತ್ರು ನಮ್ಮ ಬಚ್ಚಲುಮನೆ. ಹಂಡೆಯ ಬಿಸಿನೀರು, ಹಬೆ, ಸೋಪು ಮೂರೂ ಸೇರಿದರೆ ರಬ್ಬರ್ ವಾಷರ್ ಬೇಗ ಹಾಳಾಗುತ್ತದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ಬಂದು ತಣ್ಣಗಾದಾಗ ಕುಗ್ಗಿ ಪಸೆಯನ್ನು ಒಳಗೆ ಎಳೆದುಕೊಳ್ಳುತ್ತದೆ. 200 ಮೀಟರ್ ವಾಚಾದರೂ ಸ್ನಾನಕ್ಕೆ ಮುಂಚೆ ಬಿಚ್ಚಿಡಿ.

ಹೆಜ್ಜೆ 4: ಮಷೀನು ಆರಿಸುವುದು

ಕಂಪನಿ ಯಾವುದೇ ಇರಲಿ, ಈ ಬೆಲೆಯಲ್ಲಿ ಒಳಗೆ ಇರುವುದು ಹೆಚ್ಚಾಗಿ ಎರಡು ಜಪಾನಿ ಮನೆತನದ ಮಷೀನು. ಒಂದು ಸೀಕೊದ್ದು. ತನ್ನ ವಾಚಿಗೆ 4ಆರ್36 ಹಾಕುತ್ತದೆ, ಬೇರೆ ಕಂಪನಿಗಳಿಗೆ ಅದರ ಸೋದರ ಎನ್‌ಎಚ್35, ಎನ್‌ಎಚ್36 ಮಾರುತ್ತದೆ. 24 ಜ್ಯುವೆಲ್ (ಸವೆತ ತಡೆಯುವ ಸಣ್ಣ ಹರಳು), ಗಂಟೆಗೆ 21,600 ಬಡಿತ, 41 ಗಂಟೆ ಓಟ. ಕೈಯಿಂದ ಕೀ ಕೊಡಬಹುದು, ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ. ಇನ್ನೊಂದು ಸಿಟಿಜನ್ ಬಳಗದ ಮಿಯೋಟಾ 8215. 21 ಜ್ಯುವೆಲ್, ಅಷ್ಟೇ ಬಡಿತ. ರೋಟರ್ ಒಂದೇ ದಿಕ್ಕಿನಲ್ಲಿ ತಿರುಗುವಾಗ ಸ್ಪ್ರಿಂಗ್ ಸುತ್ತುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸುಮ್ನೆ ಗಿರ್ರೆಂದು ತಿರುಗುತ್ತದೆ. ಆ ಸದ್ದು ಕೇಳಿ ಹೆದರಬೇಡಿ. ಹಳೆಯ 8215ರಲ್ಲಿ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಈಚಿನವುಗಳಲ್ಲಿ ನಿಲ್ಲುತ್ತದೆ.

ಎರಡರಲ್ಲಿ ನನ್ನ ಆಯ್ಕೆ ಸೀಕೊ ಮನೆತನ. ತಾಂತ್ರಿಕವಾಗಿ ಮಹಾ ವ್ಯತ್ಯಾಸ ಇದೆ ಎಂದಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ವಾಚು ಕೆಟ್ಟಾಗಲೆಲ್ಲ ಕಂಪನಿ ಸರ್ವಿಸ್ ಸೆಂಟರ್ ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಎನ್‌ಎಚ್35 ಮಷೀನು ಬಿಡಿಯಾಗಿ ಸುಲಭವಾಗಿ ಸಿಗುತ್ತದೆ, ಬಲ್ಲ ರಿಪೇರಿಯವರು ಯಾರೇ ಆದರೂ ಪೂರ್ತಿ ಬದಲಿಸಿ ಕೊಡಬಲ್ಲರು. ಅಪರೂಪದ ಸ್ವಿಸ್ ಮಷೀನಿನ ವಾಚು ರಿಯಾಯಿತಿಯಲ್ಲಿ ಸಿಕ್ಕರೂ ಈ ಲೆಕ್ಕ ಮರೆಯಬೇಡಿ.

ಗ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಸಫೈರ್ ಗೀರು ಬೀಳುವುದಿಲ್ಲ, ಆದರೆ ಗಟ್ಟಿ ಪೆಟ್ಟಿಗೆ ಚಕ್ಕೆ ಏಳಬಹುದು. ಮಿನರಲ್ ಗ್ಲಾಸ್ ಗೀರು ಬೀಳುತ್ತದೆ, ಬದಲಿಸುವುದು ಅಗ್ಗ. ಸೀಕೊದ ಹಾರ್ಡ್‌ಲೆಕ್ಸ್ ಈ ಜಾತಿಯದೇ, ಸ್ವಲ್ಪ ಗಟ್ಟಿ. ಅಕ್ರಿಲಿಕ್ ಬೇಗ ಗೀರಾಗುತ್ತದೆ, ಪಾಲಿಷ್ ಮಾಡಿದರೆ ಹೋಗುತ್ತದೆ. ಸಫೈರ್‌ಗೋಸ್ಕರ ನೀರಿನ ತಡೆ ಬಿಟ್ಟುಕೊಡಬೇಡಿ, ಇಷ್ಟೇ.

ರೇಡಿಯಂ ಹೊಳಪು ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಿ. ಮೊಬೈಲ್ ಟಾರ್ಚನ್ನು ಅರ್ಧ ನಿಮಿಷ ಡಯಲ್ ಮೇಲೆ ಹಿಡಿದು, ಕೈಯಲ್ಲಿ ಮರೆ ಮಾಡಿ ನೋಡಿ. ಎರಡೂ ಮುಳ್ಳು ಬೇರೆ ಬೇರೆಯಾಗಿ ಗೊತ್ತಾಗಬೇಕು. ಕರೆಂಟು ಹೋದ ರಾತ್ರಿ ಬೇಕಾಗುವುದು ಅಷ್ಟೇ ಅಲ್ವಾ?

ಹೆಜ್ಜೆ 5: ಯಾವುದನ್ನು ಕೊಳ್ಳುವುದು

ಒಂದೇ ಹೆಸರು ಹೇಳಿ ಎಂದರೆ ಸೀಕೊ 5 ಸ್ಪೋರ್ಟ್ಸ್ ಸಾಲಿನ ಫೀಲ್ಡ್ ವಾಚು ಎನ್ನುತ್ತೇನೆ. ಸೀಕೊ 5 ಎಂಬ ಸಾಲು 1963ರಲ್ಲಿ ಶುರುವಾದದ್ದು. ಆಟೋಮ್ಯಾಟಿಕ್ ಮಷೀನು, ವಾರ ಮತ್ತು ತಾರೀಕು ಒಂದೇ ಕಿಂಡಿಯಲ್ಲಿ, ನೀರು ತಡೆ, 4ರ ಹತ್ತಿರ ಒಳಸರಿದ ಕೀ, ಗಟ್ಟಿ ಕೇಸು ಮತ್ತು ಚೈನು: ಈ ಐದು ಗುಣ ಸೇರಿ 5. ಈಗಿನ ಫೀಲ್ಡ್ ಮಾದರಿಗಳಲ್ಲಿ ಎಸ್‌ಆರ್‌ಪಿಜಿ27 ಮತ್ತು ಅದರ ಬಣ್ಣದ ಸೋದರರು 39.4 ಮಿ.ಮೀ. ಅಗಲ, 4ಆರ್36 ಮಷೀನು, 100 ಮೀಟರ್ ತಡೆ. ಬೆಲ್ಟ್ ಅಗಲ 20 ಮಿ.ಮೀ. ಇರುವುದರಿಂದ ಬದಲಿ ಬೆಲ್ಟ್ ಎಲ್ಲೆಡೆ ಸಿಗುತ್ತದೆ. ಸಣ್ಣ ಕೈಯವರಿಗೆ, ಹೆಂಗಸರಿಗೆ 36.4 ಮಿ.ಮೀ. ಮಾದರಿ ಇದೆ. ಕೀ ತಿರುಪಿನದಲ್ಲ, ಅದೊಂದೇ ನನ್ನ ತಕರಾರು. ಆದರೆ ಅದು 4ರ ಕಡೆಗೆ ಇರುವುದರಿಂದ ಕತ್ತಿ ಹಿಡಿದು ಕೈ ಮಡಚಿದಾಗ ಚುಚ್ಚುವುದಿಲ್ಲ. ಚಿಗುರು ತೆಗೆಯುವ ಕೆಲಸ ಇಡೀ ದಿನ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಹಳೆಯ ಸೀಕೊ ಎಸ್‌ಎನ್‌ಕೆ809 ಬಗ್ಗೆ ಎಲ್ಲರೂ ಹೊಗಳುತ್ತಾರೆ. 37 ಮಿ.ಮೀ., ಮುದ್ದಾದ ವಾಚು. ಆದರೆ ಅದರ ನೀರು ತಡೆ 30 ಮೀಟರ್ ಮಾತ್ರ, 7ಎಸ್26 ಮಷೀನಿಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ಸೆಕೆಂಡ್ ಮುಳ್ಳೂ ನಿಲ್ಲುವುದಿಲ್ಲ. ತಯಾರಿಕೆ ನಿಂತ ಮೇಲೆ ಬೆಲೆಯೂ ಏರಿದೆ. ಬಯಲುಸೀಮೆಯ ಗೆಳೆಯರಿಗೆ ಹೇಳುತ್ತೇನೆ, ನಮ್ಮ ಕಡೆಯವರಿಗೆ ಬೇಡ.

ಎಚ್‌ಎಂಟಿ ಮಾತು ಬಂದೇ ಬರುತ್ತದೆ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಸಂಸ್ಥೆ. ಅದರ ಪೈಲಟ್, ಜವಾನ್ ಎರಡೂ ನೋಟದಲ್ಲಿ ಅಪ್ಪಟ ಫೀಲ್ಡ್ ವಾಚು, ಆದರೆ ಕೀ ಕೊಡುವಂಥವು, ಆಟೋಮ್ಯಾಟಿಕ್ ಅಲ್ಲ. ಎಚ್‌ಎಂಟಿಯ ಆಟೋಮ್ಯಾಟಿಕ್ ಎಂದರೆ ಕಾಂಚನ್, ರಜತ್ ಥರದವು, ಅವು ಮದುವೆ ಮನೆಯ ವಾಚು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಬಂತು, ಜೊತೆಗೆ ನಕಲಿಯೂ ಬಂತು. ಹಳೆಯ ಮಷೀನಿಗೆ ಹೊಸ ಡಯಲ್ ಅಂಟಿಸಿ ಮಾರುತ್ತಾರೆ. ನೀಲಿ, ಕೆಂಪು, ಕಿತ್ತಳೆ ಬಣ್ಣದ ಮಿರಿಮಿರಿ ಮಿಂಚುವ ಡಯಲ್, ಅಂಚು ಒಡೆದ ಅಕ್ಷರ, ನಿಮಿಷದ ಗೆರೆಗೆ ತಲುಪದ ಮುಳ್ಳು ಕಂಡರೆ ಬಿಟ್ಟುಬಿಡಿ. ಎಚ್‌ಎಂಟಿ ಇಷ್ಟ ಇದ್ದರೆ ಖಂಡಿತ ಇಟ್ಟುಕೊಳ್ಳಿ, ಆದರೆ ನವೆಂಬರ್‌ನಿಂದ ಮೇವರೆಗೆ ಕಟ್ಟಿ. ಮಳೆಗೆ ಅದನ್ನು ಒಡ್ಡಬೇಡಿ.

ಎನ್‌ಎಚ್35 ಹಾಕಿದ ಸಣ್ಣ ಕಂಪನಿಗಳ ಫೀಲ್ಡ್ ವಾಚುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಕಡಿಮೆ ಬೆಲೆಗೆ ಸಫೈರ್ ಗ್ಲಾಸು, ತಿರುಪಿನ ಕೀ ಎರಡೂ ಕೊಡುತ್ತವೆ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ವಾರಂಟಿಗಾಗಿ ವಾಚನ್ನು ವಾಪಸ್ ಕಳಿಸುವ ಖರ್ಚು ಯಾರದು ಎಂದೂ ಕೇಳಿ. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಆಟೋ ಚೆಂದದ ವಾಚು, 80 ಗಂಟೆ ಓಡುತ್ತದೆ, ಆದರೆ ನಮ್ಮ 30 ಸಾವಿರದ ಮಿತಿಗೆ ಸಿಗುವುದಿಲ್ಲ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಸೇನೆಯ ಕ್ಯಾಂಟೀನಿನಲ್ಲಿ ಯಾವ ವಾಚು ಬರುತ್ತಿದೆ ಎಂದು ಒಮ್ಮೆ ಕೇಳಿಸಿ ನೋಡಿ.

ಹೆಜ್ಜೆ 6: ದುಡ್ಡು ಕೊಡುವ ಮೊದಲು

ವಾಚನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಕಿವಿಗೆ ಹಿಡಿಯಿರಿ. ರೋಟರ್ ತಿರುಗುವ ಮೃದುವಾದ ಸದ್ದು ಬರಬೇಕು, ಕಟಕಟ ಎಂದು ತಾಗುವ ಸದ್ದು ಬರಬಾರದು. ಕೀಯನ್ನು ಒಂದೊಂದೇ ಹಂತ ಎಳೆದು ನೋಡಿ. ವಾರ, ತಾರೀಕು ಜಾರದೆ ಬದಲಾಗಬೇಕು. ಸರಿಯಾಗಿ 12 ಗಂಟೆಗೆ ತಂದು ನಿಲ್ಲಿಸಿದರೆ ಎರಡೂ ಮುಳ್ಳು ಒಂದರ ಮೇಲೊಂದು ಬರಬೇಕು.

ಹಳೆಯ ವಾಚಾದರೆ ಪಸೆಯ ಪರೀಕ್ಷೆ ಮಾಡದೆ ಕೊಳ್ಳಬೇಡಿ. ಹತ್ತು ನಿಮಿಷ ಕೈಗೆ ಕಟ್ಟಿ ಬೆಚ್ಚಗಾಗಲು ಬಿಡಿ. ಗ್ಲಾಸಿನ ನಡುವೆ ಒಂದು ಹನಿ ತಣ್ಣೀರು ಹಾಕಿ. ಒಂದು ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹನಿ ಇದ್ದ ಜಾಗದಲ್ಲಿ ಗ್ಲಾಸಿನ ಒಳಬದಿಗೆ ತೆಳ್ಳಗೆ ಮಂಜು ಕಟ್ಟಿದ್ದರೆ ಒಳಗೆ ಪಸೆ ಇದೆ. ಮಾರುವವರು ಏನೇ ಹೇಳಲಿ, ಆ ವಾಚು ಬೇಡ. ವಾಚು ತಯಾರಕರೂ ಇಂಥದ್ದೇ ಪರೀಕ್ಷೆ ಮಾಡುತ್ತಾರೆ. ನಿಮ್ಮ ಸ್ವಂತ ವಾಚಿಗೂ ಪ್ರತಿ ವರ್ಷ ಮೇ ಕೊನೆಯಲ್ಲಿ ಒಮ್ಮೆ ಮಾಡಿ.

ಹೆಜ್ಜೆ 7: ಮೊದಲ ವಾರ

ನಿಂತ ವಾಚನ್ನು ಅಲ್ಲಾಡಿಸಿ ಓಡಿಸಿ ಸುಮ್ಮನಾಗಬೇಡಿ. ಕೀ ಕೊಡಲು ಬರುವ ಮಷೀನಾದರೆ 20-30 ಸುತ್ತು ಮೆಲ್ಲಗೆ ಕೊಡಿ, ಆಮೇಲೆ ಕೈ ನೋಡಿಕೊಳ್ಳುತ್ತದೆ. ತಾರೀಕು ಬದಲಿಸುವಾಗ ಒಂದು ನಿಯಮ ಇದೆ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ವಾಚಿನ ಹಲ್ಲುಚಕ್ರಗಳು ತಾವೇ ತಾರೀಕು ತಿರುಗಿಸುವ ಕೆಲಸದಲ್ಲಿರುತ್ತವೆ. ಆಗ ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಅದಕ್ಕೇ ಮೊದಲು ಮುಳ್ಳುಗಳನ್ನು 6ರ ಆಸುಪಾಸಿಗೆ ತಂದು, ನಿನ್ನೆಯ ತಾರೀಕು ಇಟ್ಟು, ಬಳಿಕ ಮುಂದಕ್ಕೆ ತಿರುಗಿಸುತ್ತಾ ಇವತ್ತಿಗೆ ಬನ್ನಿ. ಹೀಗೆ ಮಾಡಿದರೆ ಬೆಳಗ್ಗೆಯೋ ರಾತ್ರಿಯೋ ಎಂಬ ಗೊಂದಲವೂ ಇರುವುದಿಲ್ಲ.

ಆಮೇಲೆ ಒಂದು ವಾರ ದಿನಾ ಒಂದೇ ಹೊತ್ತಿಗೆ ಮೊಬೈಲ್ ಗಡಿಯಾರದ ಜೊತೆ ಹೋಲಿಸಿ ಎಷ್ಟು ಸೆಕೆಂಡು ಹೆಚ್ಚು ಕಡಿಮೆ ಎಂದು ಬರೆದಿಡಿ. ನಿತ್ಯ 12-15 ಸೆಕೆಂಡು ಮುಂದೆ ಓಡುತ್ತಿದ್ದರೆ ಗಾಬರಿ ಬೇಡ. ರಾತ್ರಿ ಬಿಚ್ಚಿಡುವ ಭಂಗಿ ಬದಲಿಸಿ ನೋಡಿ. ಡಯಲ್ ಮೇಲಾಗಿ ಇಟ್ಟಾಗ ಒಂದು ಥರ, ಕೀ ಮೇಲಾಗಿ ನಿಲ್ಲಿಸಿದಾಗ ಇನ್ನೊಂದು ಥರ ಓಡುತ್ತದೆ. ಎರಡು ಮೂರು ರಾತ್ರಿ ನೋಡಿದರೆ ಹಗಲು ಏರಿದ್ದನ್ನು ರಾತ್ರಿ ಇಳಿಸುವ ಭಂಗಿ ಸಿಗುತ್ತದೆ.

ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವದ ಹೊತ್ತು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತು ನಿಮಿಷದ ಲೆಕ್ಕದಲ್ಲಿ ಗೊತ್ತಾಗುತ್ತದೆ. ವಾರಕ್ಕೆ ಎರಡು ನಿಮಿಷ ತಪ್ಪುವ ವಾಚು ಅಂಥ ದಿನ ಸಾಲದು. ಹಿಂದಿನ ದಿನವೇ ಕೀ ಎಳೆದು ಸೆಕೆಂಡ್ ಮುಳ್ಳನ್ನು 12ರ ಮೇಲೆ ನಿಲ್ಲಿಸಿ, ಮೊಬೈಲ್ ನಿಮಿಷ ಬದಲಾಗುವ ಕ್ಷಣಕ್ಕೆ ಒತ್ತಿಬಿಡಿ.

ಚೆನ್ನಾಗಿ ಓಡುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡಲು ಶುರು ಮಾಡಿದರೆ ಹೆಚ್ಚಾಗಿ ಅದಕ್ಕೆ ಅಯಸ್ಕಾಂತ ಹಿಡಿದಿದೆ. ಸ್ಪೀಕರ್, ಅಯಸ್ಕಾಂತ ಇರುವ ಮೊಬೈಲ್ ಕವರ್ ಪಕ್ಕ ಇಟ್ಟರೆ ಹೀಗಾಗುತ್ತದೆ. ರಿಪೇರಿ ಅಂಗಡಿಯಲ್ಲಿ ಅದನ್ನು ತೆಗೆಯುವ ಸಣ್ಣ ಉಪಕರಣ ಇರುತ್ತದೆ, ಕೆಲವೇ ಸೆಕೆಂಡಿನ ಕೆಲಸ. ವಾಚು ಬಿಚ್ಚಬೇಕಾಗಿಯೂ ಇಲ್ಲ.

ಹೆಜ್ಜೆ 8: ಬೆಲ್ಟ್

ವಾಚಿನ ಜೊತೆ ಬಂದ ಲೆದರ್ ಬೆಲ್ಟನ್ನು ಮೇ ತಿಂಗಳಲ್ಲೇ ಬಿಚ್ಚಿ ಎತ್ತಿಡಿ. ಮಳೆಗಾಲದಲ್ಲಿ ಕಟ್ಟಿದರೆ ಕೆಲವೇ ವಾರಕ್ಕೆ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಅಂಚು ಬಿಡುತ್ತದೆ, ಚರ್ಮಕ್ಕೆ ತುರಿಕೆ.

ಫೀಲ್ಡ್ ವಾಚಿಗೆ ಒಪ್ಪುವುದು ನೈಲಾನಿನ ನೇಟೊ ಬೆಲ್ಟ್. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ಅದಕ್ಕೆ ಅಳತೆ ಗೊತ್ತುಮಾಡಿತು. ಒಂದೇ ಉದ್ದನೆಯ ಪಟ್ಟಿ ಎರಡು ಪಿನ್ನಿನ ಕೆಳಗೂ ನುಸುಳಿ ಬರುತ್ತದೆ. ಒಂದು ಪಿನ್ನು ಮುರಿದರೂ ವಾಚು ಇನ್ನೊಂದರಲ್ಲಿ ತೂಗಾಡುತ್ತದೆ, ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಬಿದ್ದು ಕಳೆದುಹೋಗುವುದಿಲ್ಲ. ಮೆಣಸು ಕೊಯ್ಯಲು ಏಣಿ ಹತ್ತುವವರಿಗೆ ನಾನು ಬೇರೆ ಬೆಲ್ಟ್ ಹೇಳುವುದೇ ಇಲ್ಲ. ಆದರೆ ನೈಲಾನ್ ಜುಲೈನಲ್ಲಿ ಒಣಗುವುದಿಲ್ಲ. ಎರಡು ಮೂರು ಇಟ್ಟುಕೊಂಡು ಬದಲಿಸುತ್ತಾ ಇರಿ, ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ. ಬೆಲ್ಟ್ ಮಾತ್ರ, ವಾಚು ಅಲ್ಲ. ಅಷ್ಟು ತಾಪತ್ರಯ ಬೇಡ ಎನ್ನುವವರು ಜೂನ್‌ನಿಂದ ಸೆಪ್ಟೆಂಬರ್‌ಗೆ ರಬ್ಬರ್ ಅಥವಾ ಸಿಲಿಕಾನ್ ಬೆಲ್ಟ್ ಕಟ್ಟಿ, ಒರೆಸಿದರೆ ಮುಗಿಯಿತು. ಸ್ಟೀಲ್ ಚೈನೂ ಮಳೆಗೆ ಒಳ್ಳೆಯದೇ, ಕೊಂಡಿಗಳ ನಡುವಿನ ಕೊಳೆಯನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕುತ್ತಿರಬೇಕು.

ಹೆಜ್ಜೆ 9: ತೋಟದ ಕೆಲಸದಲ್ಲಿ

ಕಳೆ ಹೊಡೆಯುವ ಮಷೀನು, ಮರ ಕೊಯ್ಯುವ ಗರಗಸ ಹಿಡಿಯುವಾಗ ವಾಚು ಬಿಚ್ಚಿ ಜೇಬಿಗೆ ಹಾಕಿ. ಈಗಿನ ವಾಚುಗಳಲ್ಲಿ ಪೆಟ್ಟು ತಡೆಯುವ ಏರ್ಪಾಡು ಇದೆ ನಿಜ, ಕೈ ತಪ್ಪಿ ಬಿದ್ದ ಒಂದು ಪೆಟ್ಟು ತಡೆಯುತ್ತದೆ. ಗಂಟೆಗಟ್ಟಲೆ ಬರುವ ನಡುಕ ಬೇರೆ ಮಾತು. ಸ್ಕ್ರೂ ಸಡಿಲವಾಗುತ್ತದೆ, ರೋಟರ್ ಸವೆಯುತ್ತದೆ. ಹಾಕಿ ಪಂದ್ಯ ಆಡುವಾಗಲೂ, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಬಿಚ್ಚಿಡುವುದು ಕ್ಷೇಮ.

ಬೋರ್ಡೊ ದ್ರಾವಣ ಹೊಡೆಯುವ ದಿನ ವಾಚೇ ಬೇಡ. ಮೈಲುತುತ್ತ, ಸುಣ್ಣ ಎರಡೂ ಚೈನಿನ ಸಂದು, ಕೀಯ ಬುಡ ಸೇರಿ ಒಣಗಿದರೆ ಕೀ ತಿರುಗಿಸಿದಾಗ ವಾಷರ್ ಉಜ್ಜಿಹೋಗುತ್ತದೆ. ಸಿಡಿದಿದ್ದರೆ ಕೀ ಮುಟ್ಟದೆ ಮೊದಲು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಜಿಗಣೆ, ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಅಕ್ರಿಲಿಕ್ ಗ್ಲಾಸನ್ನು ಮಬ್ಬು ಮಾಡುತ್ತದೆ. ಹಚ್ಚಿ, ಕೈ ತೊಳೆದು, ಆಮೇಲೆ ವಾಚು ಕಟ್ಟಿ.

ಹೆಜ್ಜೆ 10: ಪಸೆ ಬಂದರೆ

ಗ್ಲಾಸಿನೊಳಗೆ ಮಂಜು ಕಂಡರೆ ಅದು ತಾನಾಗಿ ಹೋಯಿತು ಎಂದು ಬಿಡಬೇಡಿ. ಹೋಗಿರುವುದು ಗ್ಲಾಸಿನಿಂದ, ವಾಚಿನಿಂದ ಅಲ್ಲ. ಕೆಲವೇ ದಿನದಲ್ಲಿ ಸಣ್ಣ ಸ್ಕ್ರೂಗಳಿಗೆ ತುಕ್ಕು ಶುರುವಾಗುತ್ತದೆ. ಒಲೆಯ ಹತ್ತಿರ, ಬಲ್ಬಿನ ಕೆಳಗೆ, ಕೂದಲು ಒಣಗಿಸುವ ಮಷೀನಿನ ಮುಂದೆ ಇಡಬೇಡಿ. ಎಣ್ಣೆ ಹರಿಯುತ್ತದೆ, ವಾಷರ್ ಒಣಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಹಿಟ್ಟಿನ ಧೂಳು ಸೇರುವುದೇ ಲಾಭ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಣ ಸಿಲಿಕಾ ಜೆಲ್ ಹಾಕಿ, ವಾಚಿನ ಕೀಯನ್ನು ಪೂರ್ತಿ ಎಳೆದು ಅದರೊಳಗೆ ಇಡಿ. ಪಸೆ ಹೊರಬರಲು ಒಂದು ದಾರಿ ಆಗುತ್ತದೆ, ಮಷೀನೂ ನಿಲ್ಲುತ್ತದೆ. ಇದು ರಿಪೇರಿ ಅಂಗಡಿ ತಲುಪುವವರೆಗಿನ ಉಪಾಯ ಮಾತ್ರ, ಎರಡು ಮೂರು ದಿನದೊಳಗೆ ಬಿಚ್ಚಿಸಿ ಒಣಗಿಸಲೇಬೇಕು. ಬಣ್ಣ ಬದಲಿಸುವ ಸಿಲಿಕಾ ಜೆಲ್ ತನ್ನಿ, ಪಸೆ ಹೀರಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆದರೆ ಅಡುಗೆಗೆ ಬಳಸುವ ಬಾಣಲೆಯಲ್ಲಿ ಬೇಡ. ಮಳೆಗಾಲದಲ್ಲಿ ಕಟ್ಟದ ವಾಚುಗಳನ್ನೆಲ್ಲ ಇದೇ ಡಬ್ಬಿಯಲ್ಲಿ ಇಡಿ, ಬೀರುವಿನಲ್ಲಿ ಬೇಡ.

ಹೆಜ್ಜೆ 11: ಸರ್ವಿಸ್

ಎರಡು ವಿಷಯ ಬೇರೆ ಬೇರೆ ಎಂದು ತಿಳಿದುಕೊಳ್ಳಿ. ಮಷೀನಿನ ಪೂರ್ತಿ ಸರ್ವಿಸ್, ಅಂದರೆ ಬಿಚ್ಚಿ ತೊಳೆದು ಎಣ್ಣೆ ಹಾಕುವುದು, ನಾಲ್ಕೈದು ವರ್ಷಕ್ಕೊಮ್ಮೆ ಸಾಕು. ವಾಷರ್ ಬದಲಿಸಿ ನೀರಿನ ಪರೀಕ್ಷೆ ಮಾಡಿಸುವುದು ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬೇಕು, ಅದೂ ಏಪ್ರಿಲ್-ಮೇ ತಿಂಗಳಲ್ಲಿ. ಇದನ್ನು ಎಷ್ಟೋ ಜನ ಮಾಡಿಸುವುದೇ ಇಲ್ಲ. ವಾಚು ಚೆನ್ನಾಗಿ ಓಡುತ್ತಿದೆಯಲ್ಲ ಎನ್ನುತ್ತಾರೆ. ವಾಷರ್ ಸತ್ತಿರುವುದು ಓಟದಲ್ಲಿ ಗೊತ್ತಾಗುವುದಿಲ್ಲ.

ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲಾ ಕಡೆ ಚಿಕ್ಕ ರಿಪೇರಿ ಅಂಗಡಿಗಳಿವೆ. ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಮಷೀನು ಬಿಚ್ಚಿ ಅಭ್ಯಾಸ ಇದೆಯಾ, ಹೊಸ ವಾಷರ್ ಹಾಕುತ್ತೀರಾ, ಮುಚ್ಚಿದ ಮೇಲೆ ಒತ್ತಡದ ಪರೀಕ್ಷೆ ಮಾಡುವ ಯಂತ್ರ ಇದೆಯಾ. ಮೂರನೆಯದಕ್ಕೆ ಇಲ್ಲ ಎಂದರೆ ಮಷೀನಿನ ಕೆಲಸ ಅವರ ಹತ್ತಿರವೇ ಮಾಡಿಸಿ. ನೀರಿನ ಪರೀಕ್ಷೆಯನ್ನು ಮೈಸೂರಿಗೋ ಬೆಂಗಳೂರಿಗೋ ಹೋದಾಗ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಆ ವಾಚನ್ನು ಮಳೆಗೆ ಒಡ್ಡಬೇಡಿ. ಪೂರ್ತಿ ಸರ್ವಿಸ್‌ಗೆ ಹೇಳಿದ ದುಡ್ಡು ಹೊಸ ಎನ್‌ಎಚ್35 (ವಾರವನ್ನೂ ತೋರಿಸುವ ವಾಚಾದರೆ ಎನ್‌ಎಚ್36) ಮಷೀನಿನ ಬೆಲೆಗೆ ಹತ್ತಿರ ಬಂದರೆ ಮಷೀನನ್ನೇ ಬದಲಿಸಿ ಎನ್ನಿ. ಹಳೆಯದನ್ನು ಕೇಳಿ ಇಸಿದುಕೊಳ್ಳಿ, ಮುಂದೆ ಬಿಡಿಭಾಗಕ್ಕೆ ಆಗುತ್ತದೆ. ಬಿಲ್ಲಿನ ಮೇಲೆ ವಾಷರ್ ಬದಲಿಸಿದ ತಾರೀಕು ಬರೆಸಿಕೊಳ್ಳಿ.